ಮಗ್ಗಲು ಬದಲಿಸೋಕೂ ಭಯ ಆಗುತ್ತೆ ಅಕ್ಕಾ

ಈ ಸಲ ಬಂದಿರೋ ಪತ್ರಗಳಲ್ಲಿ ಜಾಸ್ತಿ ಏಳು, ಎಂಟು, ಒಂಬತ್ತು ತಿಂಗಳ ಬಸುರಿಯರದ್ದೇ. ಊರು ಬೇರೆ ಬೇರೆ ಆದ್ರೂ ಎಲ್ಲದ್ರಲ್ಲೂ ಒಂದು ಸಾಲು ಇದ್ದೇ ಇದೆ, "ಮನೇಲಿ ಹೇಳಿದ್ರೆ ಎಲ್ಲಾರೂ ಅನುಭವಿಸಿದ್ದೇ ಅಲ್ವಾ ಅಂತಾರೆ" ಅಂತ. ತುಮಕೂರು ಕಡೆ ಹೆರಿಗೆ ವಾರ್ಡಲ್ಲಿ 26 ವರ್ಷ ನರ್ಸಾಗಿ ಕೆಲ್ಸ ಮಾಡಿದೋಳು ನಾನು, ಈ ಮಾತು ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ, ಕೇಳಿದಾಗೆಲ್ಲಾ ಸಂಕಟ ಆಗುತ್ತೆ. ಅನುಭವಿಸಿರೋದು ನಿಜಾನೇ, ಆದ್ರೆ ಅದ್ರಲ್ಲಿ ಎಷ್ಟೋ ನೋವು ಮನೆಯೋರು ಒಂದು ದಿಂಬು ಒಂದು ಸ್ಟೂಲು ತಂದ್ಕೊಟ್ಟಿದ್ರೆ ಕಮ್ಮಿ ಆಗ್ತಿತ್ತು. ಇನ್ನು ಕೆಲವು ಇದಾವೆ, ಅವನ್ನ ಅನುಭವಿಸ್ತಾ ಕೂರಲೇಬಾರ್ದು, ತಕ್ಷಣ ಆಸ್ಪತ್ರೆಗೆ ಹೋಗ್ಬೇಕು.

ಪ್ರಶ್ನೆ: ಅಕ್ಕಾ ನಮ್ದು ಪಾವಗಡ ಹತ್ರ ಹಳ್ಳಿ, ನಂಗೀಗ 34 ವಾರ, ಮೊದಲನೇದು. ರಾತ್ರಿ ನಿದ್ದೆನೇ ಇಲ್ಲ. ಚಾಪೆ ಮೇಲೆ ಮಲ್ಕೊಳೋದು, ಎಡಗಡೆ ಮಲ್ಗಿ ಮಲ್ಗಿ ಸೊಂಟ ಹಿಡ್ಕೊಂಡ್ಬಿಟ್ಟಿದೆ, ಬಲಕ್ಕೆ ತಿರುಗ್ಬೇಕಂದ್ರೆ ನಮ್ಮತ್ತೆ ಎದ್ದು ಕೂತ್ಕೊಂಡೇ ತಿರುಗ್ಬೇಕು ಇಲ್ಲಾಂದ್ರೆ ಕರುಳು ಮಗು ಕತ್ತಿಗೆ ಸುತ್ಕೊಳುತ್ತೆ ಅಂತಾರೆ. ಎದ್ದು ಕೂರೋವಾಗ ತೊಡೆಸಂದೀಲಿ ಸೀಳಿದಂಗೆ ನೋವು. ಬೆಳಿಗ್ಗೆ ನೋಡಿದ್ರೆ ಅಂಗಾತ ಮಲ್ಗಿರ್ತೀನಿ, ಮಗುಗೆ ಏನಾದ್ರೂ ಆಗಿದ್ಯೇನೋ ಅಂತ ಅಳು ಬರುತ್ತೆ. ನಡುರಾತ್ರಿ ಮೀನಖಂಡ ಬೇರೆ ಗಂಟು ಕಟ್ಕೊಳುತ್ತೆ.

ಉತ್ತರ: ಮೊದ್ಲು ಅಳೋದು ನಿಲ್ಸು ಕಣವ್ವ. ನಿದ್ದೇಲಿ ಗೊತ್ತಿಲ್ದಂಗೆ ಅಂಗಾತ ತಿರುಗಿದ್ರೆ ನೀನೇನೂ ತಪ್ಪು ಮಾಡ್ಲಿಲ್ಲ, ಎಚ್ಚರ ಆದಾಗ ಮಗ್ಗುಲಾಗು ಅಷ್ಟೇ. 28 ವಾರ ದಾಟಿದ್ಮೇಲೆ ಅಂಗಾತ ಬೇಡ ಅಂತ ಯಾಕೆ ಹೇಳ್ತಾರೆ ಅಂದ್ರೆ, ತುಂಬಿದ ಗರ್ಭಕೋಶದ ಭಾರ ಎಲ್ಲಾ ಬೆನ್ನಿನ ಮುಂದೆ ಹೋಗೋ ದೊಡ್ಡ ರಕ್ತನಾಳದ ಮೇಲೆ ಬಿದ್ದು ಹೃದಯಕ್ಕೆ ವಾಪಸ್ ಬರೋ ರಕ್ತ ಕಮ್ಮಿ ಆಗುತ್ತೆ, ಅದಕ್ಕೇ ಕೆಲವ್ರಿಗೆ ಅಂಗಾತ ಮಲ್ಗಿದ ಕೂಡ್ಲೆ ತಲೆ ಸುತ್ತೋದು, ಬೆವರೋದು. ಆದ್ದರಿಂದ ಮಲ್ಗೋವಾಗ ಮಗ್ಗುಲಾಗಿ ಮಲ್ಗು. ಎಡಗಡೆನೇ ಆಗ್ಬೇಕು ಅಂತ ಸೊಂಟ ಮುರ್ಕೋಬೇಡ, ಬಲಗಡೆನೂ ಆಗುತ್ತೆ.

ಕರುಳು ಸುತ್ಕೊಳೋ ಮಾತು. ನಿಮ್ಮತ್ತೆ ಪ್ರೀತಿಯಿಂದಾನೇ ಹೇಳ್ತಿದಾರೆ, ಅವ್ರಿಗೂ ಅವ್ರತ್ತೆ ಹಂಗೇ ಹೇಳಿರ್ತಾರೆ, ನನ್ನ ಮೊದಲನೇ ಬಸುರಲ್ಲಿ ನನ್ನಮ್ಮಾನೂ ಇದನ್ನೇ ಹೇಳಿದ್ರು. ಆದ್ರೆ ನಿಜ ಏನಂದ್ರೆ ಮಗು ನೀರಿನ ಚೀಲದೊಳಗೆ ತಾನೇ ತಿರುಗಾಡ್ತಾ ಇರುತ್ತೆ, ಹೊಕ್ಕಳುಬಳ್ಳಿ ಸುತ್ಕೊಳೋದು ಅದರ ಆಟದಿಂದ, ನೀನು ಮಗ್ಗಲು ಬದಲಿಸೋದ್ರಿಂದ ಅಲ್ಲ. ಹುಟ್ಟೋ ಮಕ್ಕಳಲ್ಲಿ ಸುಮಾರು ನಾಲ್ಕಕ್ಕೆ ಒಂದು ಬಳ್ಳಿ ಸುತ್ಕೊಂಡೇ ಬರುತ್ತೆ, ಎಷ್ಟೋ ಸಲ ತಲೆ ಹೊರಗೆ ಬಂದಾಗ ನಾವೇ ಬೆರಳು ಹಾಕಿ ಸಡಿಲ ಮಾಡಿ ದಾಟಿಸಿದೀವಿ, ಮಗು ಅತ್ಕೊಂಡು ಚೆನ್ನಾಗೇ ಇರುತ್ತೆ. ಈ ಪುಟ ನಿಮ್ಮತ್ತೇಗೇ ಓದಿ ಹೇಳು.

ಇನ್ನು ತೊಡೆಸಂದಿ ನೋವು. ಅದು ಮುಂದ್ಗಡೆ ಸೊಂಟದ ಎರಡು ಮೂಳೆ ಸೇರೋ ಜಾಗ, ಹೆರಿಗೆಗೆ ಅಂತ ಮೈಯೇ ಅಲ್ಲಿನ ಬಂಧ ಸಡಿಲ ಮಾಡ್ತಾ ಇರುತ್ತೆ, ಅದ್ರ ಜೊತೆ ಭಾರ ಒಂದು ಕಾಲಿನ ಮೇಲೆ ಬಿದ್ರೆ ಸೀಳಿದಂಗೆ ಅನ್ಸುತ್ತೆ. ನಂಗೂ ಎರಡನೇದ್ರಲ್ಲಿ ಹಿಂಗೇ ಆಗಿತ್ತು, ನೈಟ್ ಡ್ಯೂಟಿ ಮುಗಿಸಿ ಬಂದು ಮೆಟ್ಲು ಹತ್ತೋಕಾಗ್ದೆ ಕೆಳಗಿನ ಮೆಟ್ಲಲ್ಲೇ ಕೂತ್ಬಿಡ್ತಿದ್ದೆ. ನಾನು ಕಂಡ್ಕೊಂಡಿದ್ದು ಇದು. ಎರಡು ಹಳೇ ನೂಲಿನ ಸೀರೆ ಒಂದ್ರ ಮೇಲೊಂದು ಇಟ್ಟು ದಪ್ಪಗೆ ಸುತ್ತಿ ಉದ್ದ ದಿಂಬು ಮಾಡ್ಕೋ, ಮಂಡಿಯಿಂದ ಹಿಮ್ಮಡಿವರೆಗೂ ಬರ್ಬೇಕು, ಅದನ್ನ ಎರಡು ಕಾಲಿನ ಮಧ್ಯೆ ಇಟ್ಕೋ. ಮಂಡಿ ಮಧ್ಯೆ ಮಾತ್ರ ಸಣ್ಣ ದಿಂಬಿಟ್ರೆ ಪಾದ ಕೆಳಗೆ ಜೋತು ಸೊಂಟ ತಿರುಚ್ಕೊಳುತ್ತೆ, ಅದಕ್ಕೇ ಉದ್ದ ಇರ್ಲಿ. ಹೊಟ್ಟೆ ಕೆಳಗೆ ಟವೆಲ್ ಮಡಚಿ ಇಡು, ಬೆನ್ನ ಹಿಂದೆ ಇನ್ನೊಂದು ದಿಂಬಿದ್ರೆ ಅಂಗಾತ ತಿರುಗೋದೂ ತಪ್ಪುತ್ತೆ. ತಿರುಗ್ಬೇಕು ಅಂದಾಗ ಎರಡು ಮಂಡಿ ಮಡಚಿ, ಮಂಡಿಗೆ ಮಂಡಿ ಅಂಟಿಸ್ಕೊಂಡು, ಭುಜ ಸೊಂಟ ಮಂಡಿ ಮೂರೂ ಒಟ್ಟಿಗೆ ಉರುಳ್ಬೇಕು, ದಿಮ್ಮಿ ಉರುಳಿದಂಗೆ. ಕಾಲು ಅಗಲಿಸಿದ್ಯೋ ಅಲ್ಲೇ ನೋವು. ಚಾಪೆಯಿಂದ ಏಳೋವಾಗ ನೇರ ಎದ್ದು ಕೂರಕ್ಕೆ ಹೋಗ್ಬೇಡ, ಮಗ್ಗುಲಾಗಿ ಕೈ ಊರಿ ಮಂಡಿ ಮೇಲೆ ಬಂದು, ಕುರ್ಚಿ ಹಿಡ್ಕೊಂಡು ಏಳು. ಸಾಧ್ಯ ಆದ್ರೆ ಈ ಎರಡು ತಿಂಗಳಿಗೆ ಮಂಚ ಕೊಡಿ ಅಂತ ಮನೇಲಿ ಬಾಯಿಬಿಟ್ಟು ಕೇಳು, ಮಂಚದ ಮೇಲೆ ಬೇರೆ ಯಾರೇ ಮಲ್ಗ್ತಿದ್ರೂ ಸರಿ.

ನಿನ್ನ ಪತ್ರದ ಹಿಂದಿನ ಪುಟದಲ್ಲಿ ಸಣ್ಣಕ್ಷರದಲ್ಲಿ ಬರ್ದಿದೀಯ, ಬೋರ್ ನೀರಲ್ಲಿ ಫ್ಲೋರೈಡ್ ಇರೋದ್ರಿಂದ ದಿನಾ ಸಂಜೆ ನೀರಿನ ಘಟಕದಿಂದ 20 ಲೀಟರ್ ಕ್ಯಾನು ನೀನೇ ಸೊಂಟದ ಮೇಲೆ ಇಟ್ಕೊಂಡು ತರ್ತೀನಿ ಅಂತ. ನೀನು ಮೇಲೆ ಬರೀಬೇಕಾಗಿದ್ದೇ ಅದನ್ನ. ಇಪ್ಪತ್ತು ಕೆಜಿ ಭಾರ ಒಂದೇ ಸೊಂಟದ ಮೇಲೆ, ಅದೂ ಮೂಳೆ ಬಂಧ ಸಡಿಲ ಆಗಿರೋ ಹೊತ್ತಲ್ಲಿ, ನಾನೆಷ್ಟು ದಿಂಬು ಹೇಳಿಕೊಟ್ರೂ ಈ ಕ್ಯಾನು ನಿಲ್ಲೋವರೆಗೂ ನೋವು ಹೋಗಲ್ಲ. ಘಟಕದ ನೀರೇ ಕುಡಿ, ಬೋರ್ ನೀರಿಗೆ ಮಾತ್ರ ವಾಪಸ್ ಹೋಗ್ಬೇಡ, ಆದ್ರೆ ಕ್ಯಾನು ನಿನ್ನ ಗಂಡ ತರ್ಲಿ, ಗಾಡಿ ಮುಂದೆ ಇಟ್ಕೊಂಡ್ರೆ ಐದು ನಿಮಿಷದ ಕೆಲ್ಸ.

ಮೀನಖಂಡ ಹಿಡ್ಕೊಂಡಾಗ ಮಂಡಿ ನೇರ ಮಾಡಿ ಪಾದದ ಬೆರಳುಗಳನ್ನ ನಿನ್ನ ಕಡೆಗೆ ಎಳ್ಕೋ, ಹೊಟ್ಟೆ ಅಡ್ಡ ಬಂದು ಕೈ ಎಟುಕಲ್ಲ ಅಂದ್ರೆ ಗಂಡನ್ನ ಎಬ್ಬಿಸು, ಅವನು ಒಂದು ಕೈಲಿ ಹಿಮ್ಮಡಿ ಹಿಡಿದು ಇನ್ನೊಂದು ಅಂಗೈನ ನಿನ್ನ ಅಂಗಾಲಿಗೆ ಒತ್ತಿ ನಿಧಾನಕ್ಕೆ ಹಿಂದಕ್ಕೆ ಬಗ್ಗಿಸ್ಬೇಕು, ಅರ್ಧ ನಿಮಿಷದಲ್ಲಿ ಗಂಟು ಬಿಡುತ್ತೆ. ಬೆರಳು ಕೆಳಗೆ ಚಾಚಿದ್ರೆ ಇನ್ನೂ ಬಿಗಿಯುತ್ತೆ. ಮಲ್ಗೋಕೆ ಮುಂಚೆ ಗೋಡೆಗೆ ಕೈಕೊಟ್ಟು ಒಂದು ಕಾಲು ಹಿಂದಕ್ಕಿಟ್ಟು ಹಿಮ್ಮಡಿ ನೆಲಕ್ಕೆ ಊರಿ ಮೀನಖಂಡ ಎಳಿಯೋ ಥರ ನಿಲ್ಲು, ಎರಡೂ ಕಾಲಿಗೆ.

ಕೊನೇದಾಗಿ ಒಂದು, ಮೆಡಿಕಲ್ ಶಾಪಿಂದ ಸೊಂಟ ನೋವಿನ ಮಾತ್ರೆ ತರಿಸಿ ನುಂಗ್ಬೇಡ. ಐಬುಪ್ರೊಫೇನ್, ಡೈಕ್ಲೊಫಿನಾಕ್ ಥರದವು ಕೊನೆ ತಿಂಗಳುಗಳಲ್ಲಿ ಮಗುವಿನ ಹೃದಯದ ರಕ್ತನಾಳಕ್ಕೆ, ಕಿಡ್ನಿಗೆ ತೊಂದ್ರೆ ಕೊಡ್ತವೆ. ತಡೆಯೋಕಾಗ್ದಿದ್ರೆ ಡಾಕ್ಟ್ರನ್ನ ಕೇಳು, ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಡ್ತಾರೆ.

ಪ್ರಶ್ನೆ: ಮೇಡಂ, ನಾನು ಮಾಲೂರು ತಾಲೂಕು, ಗಾರ್ಮೆಂಟ್ಸಲ್ಲಿ ಚೆಕಿಂಗ್ ಸೆಕ್ಷನ್. 31 ವಾರ. ದಿನಪೂರ್ತಿ ನಿಂತೇ ಕೆಲ್ಸ, ಸಂಜೆ ಬಸ್ ಹತ್ತೋ ಹೊತ್ತಿಗೆ ಕಾಲು ಊದಿ ಚಪ್ಲಿ ಹಿಡಿಯಲ್ಲ. ಕಾಲುಂಗುರ ಬೆರಳಲ್ಲಿ ಹೂತ್ಹೋದಂಗಿದೆ, ತೆಗೀಬಾರ್ದು ಅಂತಾರೆ ಅತ್ತೆ. ಸ್ಟೂಲ್ ಕೇಳಿದ್ರೆ ಸೂಪರ್‌ವೈಸರ್ ಎಲ್ರಿಗೂ ಸ್ಟೂಲ್ ಕೊಡಕ್ಕಾಗುತ್ತಾ ಅಂದ್ರು.

ಉತ್ತರ: ಕಾಲುಂಗುರ ಇವತ್ತೇ ತೆಗಿ. ಸಂಜೆ ಅಲ್ಲ, ಬೆಳಿಗ್ಗೆ ಎದ್ದ ತಕ್ಷಣ ಊತ ಕಮ್ಮಿ ಇರುತ್ತಲ್ಲ ಆಗ. ಹತ್ತು ನಿಮಿಷ ಕಾಲು ದಿಂಬಿನ ಮೇಲೆ ಎತ್ತಿಟ್ಕೊಂಡು, ಬೆರಳಿಗೆ ಕೊಬ್ರಿ ಎಣ್ಣೆ ಸವರಿ, ತಿರುಗಿಸ್ತಾ ತಿರುಗಿಸ್ತಾ ಎಳಿ. ಬಗ್ಗೋಕಾಗಲ್ಲ, ಯಾರಾದ್ರೂ ತೆಗ್ದುಕೊಡ್ಲಿ. ಬೆರಳು ನೀಲಿ ತಿರುಗಿದ್ರೆ ಅಥವಾ ಮರಗಟ್ಟಿದ್ರೆ ಎಳೆದಾಡ್ಬೇಡ, ಆಸ್ಪತ್ರೇಲಿ ಕತ್ತರಿಸಿ ತೆಗೀತಾರೆ. ತೆಗೆದ ಕಾಲುಂಗುರ ದೇವರ ಮನೇಲಿ ಅರಿಶಿನ ಕುಂಕುಮದ ಬಟ್ಟಲಲ್ಲಿ ಇಟ್ಬಿಡು, ಬಾಣಂತನ ಮುಗಿದ್ಮೇಲೆ ಹಾಕ್ಕೊಂಡ್ರಾಯ್ತು, ಹಿಂಗೆ ಹೇಳಿದ್ರೆ ನಿಮ್ಮತ್ತೇಗೂ ಸಮಾಧಾನ ಆಗುತ್ತೆ. ಸೀಮಂತದ ಹಸಿರು ಬಳೆನೂ ಅಷ್ಟೇ, ಕೈ ಊದೋ ಮುಂಚೆ ಸಡಿಲವಾದ್ದು ಹಾಕಿಸ್ಕೋ.

ಸಂಜೆ ಊದಿ ಬೆಳಿಗ್ಗೆ ಇಳಿಯೋ ಊತ ಕೊನೆ ತಿಂಗಳಲ್ಲಿ ಬಹಳ ಜನಕ್ಕೆ ಇರುತ್ತೆ. ಮೊಣಕಾಲಿನ ಕೆಳಗೆ ಮೂಳೆ ಮೇಲೆ ಹೆಬ್ಬೆರಳು ಒತ್ತಿ ತೆಗೆದ್ರೆ ಕುಳಿ ಬೀಳುತ್ತೆ, ಮನೆಗೆ ಹೋಗಿ ಕಾಲು ಮೇಲಿಟ್ಟು ಮಗ್ಗುಲಾಗಿ ಮಲ್ಗಿದ್ರೆ ಇಳಿಯುತ್ತೆ. ನೀರು ಕಮ್ಮಿ ಕುಡಿದ್ರೆ ಊತ ಇಳಿಯುತ್ತೆ ಅಂತಾರೆ ಕೆಲವ್ರು, ತಪ್ಪು ಅದು, ಫ್ಯಾಕ್ಟ್ರೀಲಿ ಟಾಯ್ಲೆಟ್ಟಿಗೆ ಬಿಡಲ್ಲ ಅಂತ ನೀರೇ ಕುಡಿಯದೆ ಇರೋದಂತೂ ಮಾಡ್ಲೇಬೇಡ, ಉರಿಮೂತ್ರ ಶುರುವಾದ್ರೆ ಅದೇ ಹೊಟ್ಟೆನೋವಿಗೆ, ದಿನ ತುಂಬೋ ಮುಂಚೆ ಹೆರಿಗೆಗೆ ದಾರಿ.

ಆದ್ರೆ ಇದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ. ಮುಖ, ಕಣ್ಣಿನ ಸುತ್ತ, ಕೈ ಇದ್ದಕ್ಕಿದ್ದಂಗೆ ಊದಿದ್ರೆ, ಬಿಡದೇ ಇರೋ ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ ಅಥವಾ ಮಿಂಚು ಮಿಂಚು ಕಂಡ್ರೆ, ಬಲಪಕ್ಕೆ ಕೆಳಗೆ ನೋವು ಬಂದ್ರೆ, ಅದು ಬಿಪಿ ಏರಿರೋ ಸೂಚನೆ. 140/90 ಅಥವಾ ಅದಕ್ಕಿಂತ ಮೇಲೆ ಇದ್ರೆ ಅವತ್ತೇ ಡಾಕ್ಟ್ರು ನೋಡ್ಬೇಕು, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದ್ಯಾ ಅಂತ ಪರೀಕ್ಷೆ ಆಗ್ಬೇಕು. ತಲೆನೋವಿಗೆ ಬಾಮ್ ಹಚ್ಕೊಂಡು ಮಲ್ಗಿ ಬೆಳಿಗ್ಗೆ ಫಿಟ್ಸ್ ಬಂದು ಕರ್ಕೊಂಡು ಬಂದ ಹುಡುಗೀರನ್ನ ನಾನು ನೋಡಿದೀನಿ. ಒಂದೇ ಕಾಲು ಊದಿ ಮೀನಖಂಡ ಬಿಸಿಯಾಗಿ ನೋಯ್ತಿದ್ರೂ ತಡ ಮಾಡ್ಬೇಡ, ರಕ್ತ ಹೆಪ್ಪುಗಟ್ಟಿರಬಹುದು, ಅಂಥ ಕಾಲನ್ನ ಉಜ್ಜಿಸ್ಕೋಬೇಡ.

ಈಗ ಸ್ಟೂಲ್ ವಿಷಯ. ಎಲ್ರಿಗೂ ಕೊಡಕ್ಕಾಗುತ್ತಾ ಅನ್ನೋ ಮಾತು ನಡೆಯಲ್ಲ. ಹೆರಿಗೆ ಡೇಟಿಗೆ ಆರು ವಾರ ಇರೋದಕ್ಕೂ ಒಂದು ತಿಂಗಳು ಮುಂಚೆಯಿಂದ, ಅಂದ್ರೆ ಹೆಚ್ಚುಕಮ್ಮಿ 30ನೇ ವಾರದಿಂದ, ಬಸುರಿ ಹೆಂಗಸು ಕೇಳ್ಕೊಂಡ್ರೆ ಅವಳಿಂದ ತುಂಬಾ ಹೊತ್ತು ನಿಂತು ಮಾಡೋ ಕೆಲ್ಸ, ಶ್ರಮದ ಕೆಲ್ಸ ಮಾಡಿಸೋ ಹಂಗಿಲ್ಲ ಅಂತ ಹೆರಿಗೆ ಸೌಲಭ್ಯದ ಕಾನೂನೇ ಹೇಳುತ್ತೆ. ಆ ಕಾರಣಕ್ಕೆ ಸಂಬಳ ಹಿಡಿಯೋ ಹಂಗೂ ಇಲ್ಲ. ನೀನು 31ರಲ್ಲಿದೀಯ, ಈಗ್ಲೇ ಕೇಳೋ ಹಕ್ಕಿದೆ. ಬಾಯಲ್ಲಿ ಕೇಳ್ಬೇಡ, ಒಂದು ಹಾಳೇಲಿ ಬರ್ದು, ತಾಯಿ ಕಾರ್ಡಲ್ಲಿ ಹೆರಿಗೆ ಡೇಟ್ ಇರೋ ಪುಟದ ಜೆರಾಕ್ಸ್ ಲಗತ್ತಿಸಿ ಎಚ್.ಆರ್.ಗೆ ಕೊಡು, ಇನ್ನೊಂದು ಪ್ರತಿ ಮೇಲೆ ಸೀಲು ಸಹಿ ಹಾಕಿಸ್ಕೋ. 2017ರಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಮೇತ ರಜೆ 26 ವಾರ, ಅದ್ರಲ್ಲಿ 8 ವಾರದವರೆಗೂ ಹೆರಿಗೆಗೆ ಮುಂಚೆನೇ ತಗೋಬಹುದು. ಇ.ಎಸ್.ಐ. ಕಟ್ ಆಗ್ತಿದ್ರೆ ಆ ದುಡ್ಡು ಅಲ್ಲಿಂದ ಬರುತ್ತೆ. ಮಗು ಬಂದ್ಮೇಲೆ ರಜೆ ಬೇಕಲ್ಲ ಅಂತ ಕೊನೆ ವಾರದವರೆಗೂ ನಿಲ್ತಾರೆ ತುಂಬಾ ಜನ, ನಂಗೆ ಅರ್ಥ ಆಗುತ್ತೆ, ಆದ್ರೂ ಸ್ಟೂಲಂತೂ ಬಿಡ್ಬೇಡ.

ಪ್ರಶ್ನೆ: ಚಿಂತಾಮಣಿಯಿಂದ ಬರೀತಿದೀನಿ, ಎಂಟು ತಿಂಗಳು. ರಾತ್ರಿ ಮುದ್ದೆ ಉಂಡು ಮಲ್ಗಿದ್ರೆ ಎದೆ ಉರಿದು ಹುಳಿ ಗಂಟಲಿಗೆ ಬರುತ್ತೆ. ಆಶಾ ಕೊಟ್ಟ ಕಬ್ಬಿಣದ ಮಾತ್ರೆಯಿಂದ ಮಲ ಕರ್ರಗೆ ಗಟ್ಟಿ, ಮೂಲವ್ಯಾಧಿ ಥರ ಆಗಿದೆ, ಅದಕ್ಕೆ ಹದಿನೈದು ದಿನದಿಂದ ಮಾತ್ರೆ ನಿಲ್ಸಿದೀನಿ. ಬಿಸಿನೀರಿಗೆ ಸೋಡಾ ಹಾಕ್ಕೊಂಡು ಕುಡೀಬಹುದಾ?

ಉತ್ತರ: ಸೋಡಾ ಬೇಡ. ಅದ್ರಲ್ಲಿರೋ ಉಪ್ಪಿನಂಶ ನಿಂಗೂ ಮಗುಗೂ ಒಳ್ಳೇದಲ್ಲ.

ಎಷ್ಟು ಹೊತ್ತಿಗೆ ಉಣ್ತೀಯ ಅಂತ ಬರ್ದಿಲ್ಲ ನೀನು, ಆದ್ರೆ ನಂಗೆ ಗೊತ್ತು. ಗಂಡ ಮಂಡಿಯಿಂದಾನೋ ಅಂಗಡಿಯಿಂದಾನೋ ಬರೋದು ಒಂಬತ್ತೂವರೆ, ಅವ್ರಿಗೆಲ್ಲಾ ಬಡಿಸಿ, ಒಲೆ ಒರೆಸಿ, ಹತ್ತೂಕಾಲಿಗೆ ನಿಂದು, ಹತ್ತೂಮುಕ್ಕಾಲಿಗೆ ದಿಂಬಿಗೆ ತಲೆ. ಬಸುರಲ್ಲಿ ಹೊಟ್ಟೆ ಮತ್ತೆ ಅನ್ನನಾಳದ ಮಧ್ಯೆ ಇರೋ ಬಾಗಿಲು ಹಾರ್ಮೋನಿಂದ ಸಡಿಲ ಆಗಿರುತ್ತೆ, ಕೆಳಗಿಂದ ಗರ್ಭ ಜಠರಾನ ಮೇಲಕ್ಕೆ ಒತ್ತುತ್ತೆ, ಆ ಹೊತ್ತಲ್ಲಿ ಮುದ್ದೆ ಉಂಡು ಅಡ್ಡಾದ್ರೆ ಹುಳಿ ಮೇಲಕ್ಕೇ ಬರೋದು. ನಾಳೆಯಿಂದ ಏಳೂವರೆಗೆ ಉಣ್ಣು. ಗಂಡನಿಗಿಂತ ಮುಂಚೆ ಉಣ್ಣೋದು ತಪ್ಪಲ್ಲ ತಾಯಿ, ಒಳಗಿರೋ ಮಗುಗೆ ಉಣ್ಣಿಸ್ತಿದೀಯ. ಮುದ್ದೆ ಬಿಡ್ಬೇಕಿಲ್ಲ, ಮಧ್ಯಾಹ್ನಕ್ಕೆ ದೊಡ್ಡದು, ರಾತ್ರಿಗೆ ನಿಂಬೆಹಣ್ಣಿನಷ್ಟು, ಖಾರದ ಉಪ್ಸಾರು ಬದ್ಲು ಮಸ್ಸೊಪ್ಪೋ ಮಜ್ಜಿಗೇನೋ ಹಾಕ್ಕೋ. ಊಟಕ್ಕೂ ಮಲಗೋದಕ್ಕೂ ಎರಡು ಮೂರು ಗಂಟೆ ಇರ್ಲಿ. ತಲೆ ಕಡೆ ಮಂಚದ ಕಾಲಿಗೆ ಒಂದೊಂದು ಇಟ್ಟಿಗೆ ಇಟ್ಟು ಎತ್ತರಿಸಿ. ಆದ್ರೂ ಉರಿ ಬಿಡ್ದಿದ್ರೆ ಡಾಕ್ಟ್ರು ಬಸುರಿಗೆ ಆಗೋ ಸಿರಪ್ ಬರ್ದುಕೊಡ್ತಾರೆ.

ಮಾತ್ರೆ ಮಾತ್ರ ನಿಲ್ಲಿಸ್ಬೇಡ. ಮಲ ಕರ್ರಗಾಗೋದು ಕಬ್ಬಿಣದ ಬಣ್ಣ, ಭಯ ಬೇಡ. ಕೆಂಪು ರಕ್ತ ಕಂಡ್ರೆ ತೋರ್ಸು. ಸರ್ಕಾರಿ ಮಾತ್ರೇಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತೆ, ನಾಲ್ಕನೇ ತಿಂಗಳಿಂದ ಕಮ್ಮಿ ಅಂದ್ರೂ 180 ದಿನ ತಗೋಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಮ್ಮಿ ಇದ್ರೆ ಡಾಕ್ಟ್ರು ಜಾಸ್ತಿ ಮಾಡ್ತಾರೆ. ಹೆರಿಗೇಲಿ ರಕ್ತ ಹೋಗೋವಾಗ ತಡ್ಕೊಳೋ ಶಕ್ತಿ ಇದೇ ಕೊಡೋದು. ಮಾತ್ರೆ ನುಂಗೋವಾಗ ನಿಂಬೆಹಣ್ಣಿನ ನೀರು ಕುಡಿ, ಕಾಫಿ ಟೀ ಹಾಲು ಅದ್ರ ಆಸುಪಾಸು ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ, ಎರಡಕ್ಕೂ ಮಧ್ಯೆ ಎರಡು ಗಂಟೆ ಬಿಡು. ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿ ಮತ್ತೆ ರಾತ್ರಿ ಊಟದ ಜೊತೆ, ಕಬ್ಬಿಣ ಮಧ್ಯಾಹ್ನ ಊಟ ಆಗಿ ಒಂದು ಗಂಟೆ ಬಿಟ್ಟು, ಹಿಂಗೆ ಇಟ್ಕೊಂಡ್ರೆ ಗೊಂದ್ಲ ಇರಲ್ಲ. ಮಲಬದ್ಧತೆಗೆ ಸೀಬೆಹಣ್ಣು, ಬಸ್ಸಾರಿನ ಸೊಪ್ಪು, ಹುರುಳಿಕಾಳು, ರಾತ್ರಿ ನೆನೆಸಿದ ಒಣದ್ರಾಕ್ಷಿ, ಜೊತೆಗೆ ನೀರು. ಕಕ್ಕಸಿಗೆ ಕೂತಾಗ ತಿಣುಕ್ಬೇಡ. ಆಗ್ಲಿಲ್ಲ ಅಂದ್ರೆ ಅದಕ್ಕೂ ಔಷಧಿ ಇದೆ, ನಾಚ್ಕೋಬೇಡ, ಮೂಲವ್ಯಾಧಿ ವಿಷಯ ಬಾಯಿಬಿಡದೆ ಹೆರಿಗೆವರೆಗೂ ಒದ್ದಾಡಿದೋರು ಬಹಳ ಜನ.

ಪ್ರಶ್ನೆ: ಗುಬ್ಬಿ ತಾಲೂಕು. ನಮ್ಮ ಸೊಸೆಗೆ ಎಂಟೂವರೆ ತಿಂಗಳು. ಒಂದು ವಾರದಿಂದ ಅಂಗೈ ಅಂಗಾಲು ನವೆ, ರಾತ್ರಿ ಆದ್ರೆ ಗೋಡೆಗೆ ಉಜ್ಕೋತಾಳೆ. ಗುಳ್ಳೆ ಏನಿಲ್ಲ. ಉಷ್ಣ ಅಂತ ಕೊಬ್ರಿ ಎಣ್ಣೆ, ಬೇವಿನ ಸೊಪ್ಪು ಹಚ್ತಿದೀವಿ.

ಉತ್ತರ: ಅಮ್ಮಾ, ಈ ಪತ್ರ ಓದಿದ ತಕ್ಷಣ ನಿಮಗೆ ಬೇರೆಯಾಗಿ ಉತ್ತರ ಕಳ್ಸಿದೀನಿ, ಬೇರೆಯೋರಿಗೂ ಗೊತ್ತಾಗ್ಲಿ ಅಂತ ಇಲ್ಲೂ ಬರೀತಿದೀನಿ. ಹೊಟ್ಟೆ ಚರ್ಮ ಹಿಗ್ಗಿ ಅಲ್ಲಿ ನವೆ ಆದ್ರೆ ಕೊಬ್ರಿ ಎಣ್ಣೆ ಸಾಕು. ಆದ್ರೆ ಗುಳ್ಳೆ ಇಲ್ದೆ ಅಂಗೈ ಅಂಗಾಲಲ್ಲಿ, ಅದೂ ರಾತ್ರಿ ಜಾಸ್ತಿ ಆಗೋ ನವೆ ಲಿವರ್ ತೊಂದ್ರೆಯಿಂದ ಬಂದಿರಬಹುದು, ಪಿತ್ತರಸ ಸರಿಯಾಗಿ ಹರೀದೆ ರಕ್ತಕ್ಕೆ ಸೇರುತ್ತೆ. ತಾಯಿಗೆ ನವೆ ಅಷ್ಟೇ, ರಕ್ತದಲ್ಲಿ ಅದು ತುಂಬಾ ಏರಿದ್ರೆ ಮಗುಗೆ ಅಪಾಯ. ಬೈಲ್ ಆ್ಯಸಿಡ್ ಮತ್ತೆ ಲಿವರ್ ಟೆಸ್ಟ್ ಮಾಡಿಸ್ಬೇಕು, ಬರೋ ರಿಪೋರ್ಟ್ ನೋಡ್ಕೊಂಡು ಡಾಕ್ಟ್ರು ಔಷಧಿ ಕೊಡ್ತಾರೆ, ಬೇಕಾದ್ರೆ ಹೆರಿಗೆ ಸ್ವಲ್ಪ ಮುಂಚೆ ಮಾಡಿಸ್ತಾರೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತೆ ನಿಜ, ಆದ್ರೆ ಇದಕ್ಕೆ 9ರವರೆಗೆ ಕಾಯ್ಬೇಡಿ. ರಾತ್ರಿ ಗೋಡೆಗೆ ಉಜ್ಕೊಳೋದನ್ನ ಎದ್ದು ನೋಡಿದ್ರಲ್ಲ, ಬರ್ದು ಕೇಳಿದ್ರಲ್ಲ, ನಿಮ್ಮಂಥ ಅತ್ತೆ ಇರೋದು ಆ ಹುಡುಗಿ ಪುಣ್ಯ.

ಪ್ರಶ್ನೆ: ಮೇಡಂ ನಾನು ಶಿಡ್ಲಘಟ್ಟದೋನು, ರೇಷ್ಮೆ ಕೆಲ್ಸ. ನನ್ನ ಹೆಂಡ್ತಿ ತವರಲ್ಲಿದಾಳೆ, 38 ವಾರ. ಎರಡು ಸಲ ರಾತ್ರಿ ಹೊಟ್ಟೆ ಗಟ್ಟಿಯಾಯ್ತು ಅಂತ ಕಾರ್ ಮಾಡ್ಕೊಂಡು ಆಸ್ಪತ್ರೆಗೆ ಹೋದ್ವಿ, ಸುಳ್ಳು ನೋವು ಅಂತ ವಾಪಸ್ ಕಳ್ಸಿದ್ರು. ಎರಡನೇ ಸಲ ಅಲ್ಲಿದ್ದೋರು ಬೈದ್ರು, ಇಷ್ಟಕ್ಕೆಲ್ಲಾ ಬರ್ತಾರಾ ಅಂತ. ಅವತ್ತಿಂದ ಅವಳು ನೋವು ಬಂದ್ರೂ ಹೇಳ್ತಿಲ್ಲ, ಅವರಮ್ಮ ಫೋನಲ್ಲಿ ಹೇಳಿದ್ರು. ನಂಗೆ ಭಯ ಆಗಿದೆ.

ಉತ್ತರ: ನಿಮ್ಮ ಭಯ ಸರಿಯಾಗೇ ಇದೆ. ಬೈದೋರದ್ದು ತಪ್ಪು, ನಾನೂ ಅದೇ ಕೆಲ್ಸ ಮಾಡಿದೋಳು, ಸುಸ್ತಾಗಿ ರೇಗಿರ್ತಾರೆ, ಆದ್ರೂ ತಪ್ಪೇ. ಇವತ್ತೇ ಹೆಂಡ್ತಿ ಹತ್ರ ಹೋಗಿ, ಫೋನ್ ಬೇಡ, ಪಕ್ಕ ಕೂತು ಹೇಳಿ, ಹತ್ತು ಸಲ ವಾಪಸ್ ಕಳ್ಸಿದ್ರೂ ಹನ್ನೊಂದನೇ ಸಲ ಕರ್ಕೊಂಡು ಹೋಗ್ತೀನಿ ಅಂತ. ಕಾರಿನ ದುಡ್ಡಿನ ಬಗ್ಗೆ ಅವಳಿಗೆ ಸಂಕೋಚ ಇರುತ್ತೆ, 108 ಇದೆ, ದುಡ್ಡಿಲ್ಲ ಅದಕ್ಕೆ, ಅದನ್ನೂ ಹೇಳಿ.

ಸುಳ್ಳು ನೋವು ಅನ್ನೋ ಹೆಸರೇ ನಂಗೆ ಇಷ್ಟ ಇಲ್ಲ, ಅವಳು ಸುಳ್ಳು ಹೇಳ್ತಿದಾಳೆ ಅನ್ನೋ ಹಂಗಿದೆ. ಗರ್ಭಕೋಶ ನಿಜವಾಗ್ಲೂ ಬಿಗಿಯುತ್ತೆ, ಹೆರಿಗೆಗೆ ತಯಾರಿ ಮಾಡ್ಕೋತಿರುತ್ತೆ. ಅದು ಹೊತ್ತುಗೊತ್ತಿಲ್ದೆ ಬರುತ್ತೆ, ನೀರು ಕುಡಿದು ಮೂತ್ರ ಮಾಡಿ ಮಗ್ಗುಲಾಗಿ ಮಲ್ಗಿದ್ರೆ ಅಥವಾ ಸ್ವಲ್ಪ ಓಡಾಡಿದ್ರೆ ಇಳಿಯುತ್ತೆ. ಹೆರಿಗೆ ನೋವು ಏನ್ ಮಾಡಿದ್ರೂ ಬಿಡಲ್ಲ, ಬರ್ತಾ ಬರ್ತಾ ಹತ್ರ ಆಗುತ್ತೆ, ಜೋರಾಗುತ್ತೆ, ಸೊಂಟದಿಂದ ಮುಂದಕ್ಕೆ ಬರುತ್ತೆ, ನೋವು ಬಂದಾಗ ಮಾತು ನಿಂತೋಗುತ್ತೆ. ಅವರಮ್ಮ ಹಾಸಿಗೆ ಪಕ್ಕ ಗಡಿಯಾರ ಇಟ್ಕೊಂಡು ಒಂದು ಹಳೇ ನೋಟ್‌ಬುಕ್ಕಲ್ಲಿ ಶುರುವಾದ ಹೊತ್ತು, ಬಿಟ್ಟ ಹೊತ್ತು ಬರೀಲಿ. ಐದೈದು ನಿಮಿಷಕ್ಕೊಂದು, ಒಂದೊಂದು ನಿಮಿಷ, ಒಂದು ಗಂಟೆಯಿಂದ ಹಂಗೇ ಬರ್ತಿದೆ ಅಂದ್ರೆ ಹೊರಡಿ. ಆಸ್ಪತ್ರೆ ದೂರ ಇದ್ರೆ ಅದಕ್ಕೂ ಮುಂಚೆ ಹೊರಡಿ. ಆ ನೋಟ್‌ಬುಕ್ ತೋರ್ಸಿದ್ರೆ ಅಲ್ಲಿರೋರೂ ಬೇಗ ಅರ್ಥ ಮಾಡ್ಕೋತಾರೆ.

ಕೆಲವಕ್ಕೆ ಗಡಿಯಾರ ನೋಡೋದೇ ಬೇಡ. ನೀರು ಹೋದ್ರೆ, ಸ್ವಲ್ಪ ಹೋದ್ರೂ, ಹಸಿರು ಅಥವಾ ಕಂದು ಬಣ್ಣ ಇದ್ರಂತೂ ಓಡ್ಬೇಕು. ರಕ್ತ ಹೋದ್ರೆ. ಹೊಟ್ಟೆ ಬಿಗಿದಿದ್ದು ಸಡಿಲ ಆಗ್ದೆ ಕಲ್ಲಿನಂಗೇ ನಿಂತ್ರೆ. ಆಮೇಲೆ ಮಗು ಆಟ. ಕೊನೇಲಿ ಜಾಗ ಸಾಲಲ್ಲ ಅದಕ್ಕೆ ಮಗು ಆಡೋದು ಕಮ್ಮಿ ಆಗುತ್ತೆ ಅಂತ ನಮ್ಮ ಕಡೆ ಎಲ್ರೂ ಹೇಳ್ತಾರೆ, ಅದು ಸರಿಯಲ್ಲ, ಹೆರಿಗೆ ದಿನದವರೆಗೂ ಆಡ್ಬೇಕು. ದಿನಾ ಆಡ್ತಿದ್ದಂಗೆ ಇವತ್ತು ಆಡ್ತಿಲ್ಲ ಅಂತ ಅವಳಿಗೆ ಅನ್ನಿಸಿದ್ರೆ ಸಾಕು, ಜ್ಯೂಸ್ ಕುಡ್ಸಿ ಬೆಳಗಾಗ್ಲಿ ನೋಡೋಣ ಅನ್ಬೇಡಿ, ಎಷ್ಟೇ ರಾತ್ರಿ ಆಗಿದ್ರೂ ಹೋಗಿ ಹಾರ್ಟ್‌ಬೀಟ್ ಚೆಕ್ ಮಾಡ್ಸಿ.

ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟು, ಆಧಾರ್ ಜೆರಾಕ್ಸು, ಎರಡು ನೈಟಿ, ಮಗು ಸುತ್ತೋಕೆ ಒಗೆದು ಬಿಸಿಲಲ್ಲಿ ಒಣಗಿಸಿದ ಹಳೇ ಪಂಚೆ ಒಂದು ಬ್ಯಾಗಲ್ಲಿ ಹಾಕಿ ಬಾಗ್ಲ ಹತ್ರ ಇಡಿ. ಆಗೋ ಹಾಗಿದ್ರೆ ಈ ಎರಡು ವಾರ ರಾತ್ರಿ ಹೊತ್ತು ಮಾವನ ಮನೇಲೇ ಮಲ್ಕೊಳಿ, ಹುಳು ಮನೆ ಕೆಲ್ಸಕ್ಕೆ ತಮ್ಮನ್ನೋ ಪಕ್ಕದ ಮನೆಯೋರನ್ನೋ ಒಪ್ಪಿಸಿ. ರಾತ್ರಿ ಎರಡು ಗಂಟೇಲಿ ನೋವು ಬಂದಾಗ ಅವಳು ಅಮ್ಮನ್ನ ಎಬ್ಬಿಸೋಕೆ ಹಿಂಜರೀಬಹುದು, ಪಕ್ಕದಲ್ಲಿ ನೀವಿದ್ರೆ ಕೈ ಚಾಚಿದ್ರೆ ಸಾಕು.